ಮಗಳ ಬ್ಯಾಗಿನ ತೂಕ

ನನ್ನ ಮಗಳ ಬ್ಯಾಗು ವಿಶ್ವವಿದ್ಯಾಲಯಕ್ಕೆ ಹೋಗುವಾಗ ಆರು ಕಿಲೋ, ಬರುವಾಗ ಎರಡೂವರೆ. ಡಬ್ಬಿಯ ಊಟ, ಬಾಟಲಿಯ ನೀರು ಅಂತ ಒಂದೂವರೆ ಕಿಲೋ ಹೊಟ್ಟೆಗೆ ಹೋಯಿತೆಂದು ಬಿಟ್ಟುಬಿಡಿ. ಉಳಿದ ಎರಡು ಕಿಲೋ ಎಲ್ಲಿ? ಈ ಪ್ರಶ್ನೆಯಿಂದ ಹದಿನೈದು ದಿನಗಳಿಂದ ನನಗೆ ಊಟ ಸೇರುತ್ತಿರಲಿಲ್ಲ.

ಮಗಳ ಬ್ಯಾಗು ತೂಗುವ ಅಪ್ಪನೂ ಇರುತ್ತಾನೆಯೇ ಎನ್ನಬೇಡಿ. ನಾನು ತೂಗುವುದಿಲ್ಲ ಸ್ವಾಮಿ, ಬೆಳಿಗ್ಗೆ ಅವಳ ಹೆಗಲಿಗೇರಿಸಲು ಎತ್ತಿಕೊಡುತ್ತೇನೆ, ಸಂಜೆ ಇಳಿಸಿಕೊಳ್ಳುತ್ತೇನೆ ಅಷ್ಟೇ. ಆದರೆ ಪಾರ್ಸೆಲ್ ಕಚೇರಿಯ ಕೌಂಟರಿನಲ್ಲಿ ಇಪ್ಪತ್ತೆಂಟು ವರ್ಷ ಸವೆದ ಕೈ ಇದು. ಎತ್ತಿದ ಕೂಡಲೇ ಹೇಳುತ್ತದೆ, ಐವತ್ತು ಗ್ರಾಂ ಆಚೀಚೆ ಆಗದು. ಒಳಗಿನ ಮಾಲು ಕದ್ದು ಅಷ್ಟೇ ತೂಕದ ಇಟ್ಟಿಗೆ ತುಂಬಿದ ಪಾರ್ಸೆಲ್‌ಗಳನ್ನು ಒಂದೇ ಸಲ ಅಲ್ಲಾಡಿಸಿ, ಸದ್ದಿನಿಂದಲೇ ಹಿಡಿದವನು ನಾನು. (ಈ ಸಾಹಸಗಾಥೆಯನ್ನು ಮನೆಯಲ್ಲಿ ಎಷ್ಟು ಸಲ ಹೇಳಿದ್ದೇನೆಂದರೆ, ನಾನು ಬಾಯಿ ತೆರೆದರೆ ಹೆಂಡತಿ ಮುಗಿಸುತ್ತಾಳೆ.)

ನಮ್ಮ ಕಚೇರಿಯಲ್ಲಿ ಕಳ್ಳತನ ಒಂದೇ ದಿನ ನಡೆಯುವುದಿಲ್ಲ. ದಿನಕ್ಕಿಷ್ಟು ಸಾಗುತ್ತದೆ. ಅದನ್ನು ನೆನೆದದ್ದೇ ನನಗೆ ಎಲ್ಲವೂ ಹೊಳೆಯಿತು. ಹುಡುಗಿ ದಿನಕ್ಕೆ ಎರಡು ಕಿಲೋದಂತೆ ಮನೆ ಖಾಲಿ ಮಾಡುತ್ತಿದ್ದಾಳೆ. ಒಂದು ದಿನ ಕೊನೆಯ ಕಂತಾಗಿ ತಾನೂ ಹೊರಟುಬಿಡುತ್ತಾಳೆ. ಯಾರ ಜೊತೆ, ಎಲ್ಲಿಗೆ, ದೇವರಿಗೇ ಗೊತ್ತು.

ಬ್ಯಾಗು ತೆರೆದು ನೋಡೋಣವೆಂದರೆ ಕೈ ಕಟ್ಟಿಹೋಗಿತ್ತು. ಹೋದ ವರ್ಷ ಒಮ್ಮೆ ತೆರೆದು ಸಿಕ್ಕಿಬಿದ್ದಾಗ ಹನ್ನೊಂದು ದಿನ ಅವಳು ನನ್ನೊಡನೆ ಮಾತು ಬಿಟ್ಟಿದ್ದಳು. ಇನ್ನು ಮುಟ್ಟುವುದಿಲ್ಲವೆಂದು ಮಾತು ಕೊಟ್ಟ ಮೇಲೆ ಮನೆಯಲ್ಲಿ ಮತ್ತೆ ನಗು ಕೇಳಿಸಿತ್ತು.

ಹೆಂಡತಿಯ ಹತ್ತಿರ ಹೇಳಿಕೊಂಡೆ. ಅವಳು ಬಟ್ಟೆ ಮಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಓದೋ ಹುಡುಗಿ, ಪುಸ್ತಕ ಇರುತ್ತಪ್ಪ."

"ಪುಸ್ತಕ ವಾಪಸ್ ಬರೋದಿಲ್ವೇನೇ?"

"ಲೈಬ್ರರಿಗೆ ಕೊಟ್ಟಿರ್ತಾಳೆ. ನೋಡಿ, ಅವಳ ಬ್ಯಾಗಿಗೆ ಕೈ ಹಾಕಿದ್ರೆ ಈ ಸಲ ನಾನೂ ಮಾತು ಬಿಡ್ತೀನಿ."

(ಇದು ಬೆದರಿಕೆಯೋ ವರವೋ ಎಂದು ಬೇರೆ ದಿನವಾಗಿದ್ದರೆ ಯೋಚಿಸುತ್ತಿದ್ದೆ. ಅಂದು ಭಯದಲ್ಲಿ ಅದೂ ಹೊಳೆಯಲಿಲ್ಲ.)

ಉಳಿದ ವಿದ್ಯಾರ್ಥಿಗಳು ಏನು ಹೊರುತ್ತಾರೆಂದು ತಿಳಿಯಲು ವೈಜ್ಞಾನಿಕ ಸಂಶೋಧನೆಯನ್ನೇ ಕೈಗೊಂಡೆ. ವಿಶ್ವವಿದ್ಯಾಲಯದ ಬಸ್ಸು ಹತ್ತಿ ಸೀಟು ಹಿಡಿದು ಕೂತರೆ ಸಾಕು, ನಿಂತ ಮಕ್ಕಳು "ಅಂಕಲ್, ಸ್ವಲ್ಪ ಇಟ್ಕೊಳ್ತೀರಾ" ಎಂದು ಬ್ಯಾಗನ್ನು ತಾವಾಗಿಯೇ ತೊಡೆಯ ಮೇಲಿಡುತ್ತಾರೆ. ಮೂರು ದಿನದಲ್ಲಿ ಇಪ್ಪತ್ತೊಂದು ಬ್ಯಾಗು ಹೊತ್ತೆ. ಮೇಲಿನಿಂದಲೇ ತಡವಿದರೂ ಒಳಗಿರುವುದು ಗೊತ್ತಾಗುತ್ತಿತ್ತು. ನೀರಿನ ಬಾಟಲಿ, ಚಾರ್ಜರು, ಮಡಿಸುವ ಕೊಡೆ, ಬಾಚಣಿಗೆ, ಬಿಸ್ಕತ್ತಿನ ಪುಡಿ, ಕೆಲವರದರಲ್ಲಿ ಲ್ಯಾಪ್‌ಟಾಪು. ಎಲ್ಲ ವಿಷಯಕ್ಕೂ ಸೇರಿ ಒಂದೇ ಒಂದು ತೆಳ್ಳನೆಯ ನೋಟ್‌ಬುಕ್ಕು. ಒಬ್ಬನ ಬ್ಯಾಗಿನಲ್ಲಿ ದಿಂಬಿತ್ತು, ಯಾವ ವಿಭಾಗದವನೋ ಕೇಳಲಿಲ್ಲ. ಸರಾಸರಿ ಮೂರು ಕಿಲೋ. ಆರು ಕಿಲೋ ಯಾರದ್ದೂ ಇರಲಿಲ್ಲ. ನನ್ನ ಹೆದರಿಕೆ ಇಮ್ಮಡಿಯಾಯಿತು.

ಮನೆಯಲ್ಲಿ ಏನು ಕಡಿಮೆಯಾಗಿದೆ ನೋಡಿದೆ. ಅವಳ ಬಟ್ಟೆ ಇದ್ದಲ್ಲೇ ಇತ್ತು. ಹೆಂಡತಿಯ ಬಳೆ, ಸರ ಕಪಾಟಿನಲ್ಲಿದ್ದವು. ಇನ್ನು ಉಳಿದದ್ದು ಮಂಚದ ಕೆಳಗಿನ ನನ್ನ ಟ್ರಂಕು. ಮುಂದೆಂದಾದರೂ ಬೇಕಾಗುತ್ತದೆಂದು ನಾನು ಕೂಡಿಟ್ಟ ಸಂಪತ್ತು ಅದರಲ್ಲಿದೆ. ಮುಳ್ಳಿಲ್ಲದ ಗಡಿಯಾರ, ಹೊಡೆದರೆ ಮಾತ್ರ ಮಾತಾಡುವ ರೇಡಿಯೋ, ಬಟ್ಟೆ ಹೋದ ಏಳು ಕೊಡೆ, ಬೀಗವಿಲ್ಲದ ಬೀಗದಕೈಗಳು, ಸೋರುವ ನಲ್ಲಿಗಳು. ಅದನ್ನು ಎಸೆಯಬೇಕೆಂದು ಹೆಂಡತಿ ಮದುವೆಯಾದ ಲಾಗಾಯ್ತು ಜಗಳವಾಡುತ್ತಿದ್ದಾಳೆ. ನಾನು ಪ್ರತಿ ಭಾನುವಾರ ಹಿಡಿ ಹಿಡಿದು ಎತ್ತಿ ನೋಡುತ್ತೇನೆ. ನಿಪುಣನಾದವನು ಬೀಗ ತೆಗೆಯಬೇಕಿಲ್ಲ. ಅಂದೂ ಎತ್ತಿದೆ. ನಲವತ್ತು ಕಿಲೋ, ಎಂದಿನಂತೆ. ಅಂದರೆ ವಸ್ತು ಯಾವುದೂ ಹೋಗಿಲ್ಲ, ತೂಕ ಮಾತ್ರ ಹೋಗುತ್ತಿದೆ.

ಸೋಮವಾರ ಬೆಳಿಗ್ಗೆ ಬ್ಯಾಗು ಎತ್ತಿಕೊಟ್ಟೆ. ಎಂಟು ಕಿಲೋ ಇನ್ನೂರು ಗ್ರಾಂ.

"ಇವತ್ತು ಲೇಟಾಗುತ್ತಪ್ಪ, ಕಾಯ್ಬೇಡಿ" ಎಂದಳು ಮಗಳು.

ಕೊನೆಯ ಕಂತು. ಮೊದಲ ದಿನ ಶಾಲೆಗೆ ಬಿಟ್ಟಾಗ ನನ್ನ ಬೆರಳು ಬಿಡದೆ ಅತ್ತ ಮಗು ಇದು. ಕಚೇರಿಗೆ ಹೊಟ್ಟೆನೋವೆಂದು ಹೇಳಿ, ಅವಳ ಬಸ್ಸಿನ ಹಿಂದೆಯೇ ಬಂದ ಬಸ್ಸು ಹತ್ತಿದೆ. (ಹೊಟ್ಟೆ ನಿಜವಾಗಿಯೂ ನೋಯುತ್ತಿತ್ತು.)

ಗ್ರಂಥಾಲಯದ ಮೆಟ್ಟಿಲ ಪಕ್ಕ ಅವಳು ನಿಂತಿದ್ದಳು, ಎದುರಿಗೆ ಗಡ್ಡದ ಹುಡುಗನೊಬ್ಬ. ಬ್ಯಾಗಿನ ಜಿಪ್ಪು ತೆರೆಯುತ್ತಿದ್ದಳು. ಕಂಬದ ಹಿಂದೆ ಅಡಗಿದ್ದವನು ತಡೆಯಲಾರದೆ ಓಡಿಹೋಗಿ ಬ್ಯಾಗಿನ ಪಟ್ಟಿ ಹಿಡಿದೆ.

"ಮಗಳೇ, ಹೋಗ್ಬೇಡ ಕಣೇ. ಅಪ್ಪನ ಮೇಲೆ ಏನು ಕೋಪ ಇದ್ರೂ ಮನೇಲೇ ಮಾತಾಡೋಣ."

"ಎಲ್ಲಿಗೆ ಹೋಗ್ಬೇಡ? ಹತ್ತು ಗಂಟೆಗೆ ಕ್ಲಾಸಿದೆ ಅಪ್ಪ."

ಆಗ ನನ್ನ ಕಣ್ಣು ಹುಡುಗನ ಕೈಗೆ ಹೋಯಿತು. ಅವನ ಕೈಯಲ್ಲಿ ನನ್ನ ರೇಡಿಯೋ ಇತ್ತು. ಪಕ್ಕದ ಮೇಜಿನ ಮೇಲೆ ನನ್ನ ಏಳೂ ಕೊಡೆಗಳು ಅಸ್ಥಿಪಂಜರವಾಗಿ ಮಲಗಿದ್ದವು. ಮೇಲೊಂದು ಬರಹ: "ಬೇಡದ್ದು ಇಡಿ, ಬೇಕಾದ್ದು ಒಯ್ಯಿರಿ."

"ಅಂಕಲ್, ಇದು ನಿಮ್ಮದಾ? ನಮ್ಮ ನಾಟಕಕ್ಕೆ ಬೇಕಿತ್ತು" ಎಂದ ಹುಡುಗ.

ಮಗಳು ತಲೆ ತಗ್ಗಿಸಿದಳು. "ಅಮ್ಮ ಹೇಳಿದ್ದಪ್ಪ. ದಿನಾ ಸ್ವಲ್ಪ ಸ್ವಲ್ಪ ತಗೊಂಡು ಹೋಗು ಅಂತ. ಇವತ್ತು ಗಡಿಯಾರ, ಇದೇ ಕೊನೇದು."

ಕೋಪ ಬರಬೇಕಿತ್ತು. ಮಗಳು ಎಲ್ಲಿಗೂ ಹೋಗುತ್ತಿಲ್ಲವೆಂಬ ಸಂತೋಷಕ್ಕೆ ಅದು ಬರಲೇ ಇಲ್ಲ. ರೇಡಿಯೋಗೆ ಎಲ್ಲಿ ಹೊಡೆಯಬೇಕೆಂದು ಹುಡುಗನಿಗೆ ತೋರಿಸಿಕೊಟ್ಟು ಮನೆಗೆ ಬಂದೆ. ಆದರೆ ದಾರಿಯುದ್ದಕ್ಕೂ ಒಂದೇ ಚಿಂತೆ: ಹಾಗಾದರೆ ನಿನ್ನೆ ಭಾನುವಾರ ನಾನು ಎತ್ತಿದ್ದು ಏನನ್ನು?

ಬೀಗ ತೆಗೆದೆ. ಹಳೆಯ ಬಟ್ಟೆಯಲ್ಲಿ ಅಚ್ಚುಕಟ್ಟಾಗಿ ಸುತ್ತಿದ ಇಟ್ಟಿಗೆಗಳು, ನಮ್ಮ ಹಿತ್ತಲಿನವೇ.

ಬಾಗಿಲಲ್ಲಿ ನಿಂತ ಹೆಂಡತಿ ಶಾಂತವಾಗಿ ಹೇಳಿದಳು, "ನೀವೇ ಹೇಳ್ತಿದ್ರಲ್ಲ, ಕಳ್ಳರು ದಡ್ಡರು, ಬಟ್ಟೆ ಸುತ್ತದೆ ಇಡ್ತಾರೆ, ಅದಕ್ಕೇ ಸದ್ದಾಗಿ ಸಿಕ್ಕಿಬೀಳ್ತಾರೆ ಅಂತ."

ಈಗ ಟ್ರಂಕು ಖಾಲಿ ಮಾಡುವ ಕೆಲಸ ನನ್ನ ಪಾಲಿಗೆ ಬಂದಿದೆ. ದಿನಕ್ಕೊಂದು ಇಟ್ಟಿಗೆ ಕಚೇರಿಯ ಬ್ಯಾಗಿನಲ್ಲಿ ಹೊರಗೆ ಸಾಗಿಸುತ್ತೇನೆ. ನಾನು ಸಂಜೆ ಮನೆಗೆ ಬಂದ ಕೂಡಲೇ ಹೆಂಡತಿ ಬಾಗಿಲಲ್ಲೇ ಬ್ಯಾಗನ್ನು ಎತ್ತಿ ನೋಡಿ, ಹಗುರವಾಗಿದ್ದರೆ ಮಾತ್ರ ಒಳಗೆ ಬಿಡುತ್ತಾಳೆ.