ಹಿನಕಲ್ ಅಜ್ಜಿ ನಲ್ಲಿ ಆರಿಸಿದ್ದು

ಹಿನಕಲ್ ಅಜ್ಜಿಯ ಜೊತೆ ಒಂದು ಮದುವೆಗೆ ಹೋಗಿ ಬನ್ನಿ ಮಕ್ಕಳೇ, ಆಮೇಲೆ ಹೇಳಿ, ಈ ಪ್ರಪಂಚದಲ್ಲಿ ಆಕೆಗೆ ನಲ್ಲಿಗಿಂತ ಮುಖ್ಯವಾದದ್ದು ಏನಾದರೂ ಇದೆಯೇ ಅಂತ! ಛತ್ರಕ್ಕೆ ಹೋದವರೆಲ್ಲ ಹೆಣ್ಣು ಗಂಡನ್ನು ನೋಡುತ್ತಾರೆ. ಆಕೆ ಕೈ ತೊಳೆಯುವ ಜಾಗ ನೋಡುತ್ತಾಳೆ. ನಿಮ್ಮ ಅಪ್ಪ ಅಮ್ಮನ ಮದುವೆಯ ವಿಡಿಯೋದಲ್ಲಿ ತಾಳಿ ಕಟ್ಟುವ ಹೊತ್ತಿಗೆ ಎಲ್ಲರೂ ಅಕ್ಷತೆ ಹಿಡಿದು ಕೈ ಎತ್ತಿದ್ದಾರಲ್ಲ, ಹಿಂದುಗಡೆ ಹಸಿರು ಸೀರೆಯ ಒಂದು ಬೆನ್ನು ಮಾತ್ರ ಓಡುತ್ತಿದೆ. ಅದು ಯಾರೆಂದು ನೀವು ಎಷ್ಟೋ ಸಲ ಕೇಳಿದ್ದೀರಿ. ಅದು ಆಕೆಯೇ. ಊಟದ ಮನೆಯ ಹತ್ತಿರ ಯಾವುದೋ ನಲ್ಲಿ ತೊಟ್ಟಿಕ್ಕುವ ಸದ್ದು ಕೇಳಿಸಿತಂತೆ. ಓಲಗದ ಸದ್ದಿನ ನಡುವೆ! ಅಂಥ ಕಿವಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಆಕೆ ನಿಮ್ಮ ತಾತನ ಒಬ್ಬಳೇ ತಂಗಿ, ನನಗೆ ನಾದಿನಿ. ಹಿನಕಲ್‌ನಲ್ಲಿ ಮನೆ ಮಾಡಿಕೊಂಡು ಎಷ್ಟೋ ವರ್ಷವಾಯಿತು. ಎರಡು ಬಸ್ಸು ಬದಲಾಯಿಸಿ ವಿದ್ಯಾರಣ್ಯಪುರಂಗೆ ನಮ್ಮ ಮನೆಗೆ ಬರುತ್ತಾಳೆ. ಆಕೆ ಆಡುವುದು ಹತ್ತು ಮಾತಾದರೆ ನಾನು ಆಡುವುದು ಒಂದು, ಅದೂ ಅರ್ಧ. ನಾನು ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತವಳು. ಮೇಷ್ಟ್ರು ಹಾಜರಿ ಕೂಗಿದರೆ "ಬಂದಿದೀನಿ" ಅನ್ನಲೂ ನಾಚಿಕೊಂಡು ಎಷ್ಟೋ ದಿನ ಗೈರುಹಾಜರಿ ಹಾಕಿಸಿಕೊಂಡವಳು. ನಾಲ್ಕು ಜನರ ಮುಂದೆ ನನಗೆ ಇವತ್ತಿಗೂ ನಾಲಿಗೆ ಒಣಗುತ್ತದೆ. ಅದಕ್ಕೇ ಮನೆಗೆ ಯಾರಾದರೂ ಬಂದರೆ ನಾನು ಅಡುಗೆಮನೆ ಸೇರುತ್ತೇನೆ. ಕಾಫಿಗೆ ನೀರಿಟ್ಟರೆ ಯಾರೂ ಏನೂ ಕೇಳುವುದಿಲ್ಲ ನೋಡಿ!

ಆ ಅಡುಗೆಮನೆಯೇ ಕೈತಪ್ಪುವ ಹಾಗಾಯಿತು. ಹೋದ ಚಳಿಗಾಲದಲ್ಲಿ ನನ್ನ ಬೆರಳ ಗಂಟುಗಳು ಊದಿಕೊಂಡವು. ತಣ್ಣೀರು ಮುಟ್ಟಿದರೆ ಮುಳ್ಳು ಚುಚ್ಚಿದ ಹಾಗೆ. ಗೋಡೆಯ ಹಳೆಯ ತಿರುಗಿಸುವ ನಲ್ಲಿ ತೆರೆದರೆ ಮುಚ್ಚಲಾಗದು, ಮುಚ್ಚಿದರೆ ತೆರೆಯಲಾಗದು. ಒಂದು ದಿನ ಸಿಂಕು ತುಂಬಿ ನೆಲವೆಲ್ಲ ನೀರಾಗಿದ್ದನ್ನು ನಿಮ್ಮಮ್ಮ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ನನ್ನ ಕೈ ಹಿಡಿದುಕೊಂಡು, "ಅತ್ತೆ, ಇಷ್ಟು ದಿನ ಮಾಡಿದ್ದು ಸಾಕು. ಒಬ್ಬರು ಅಡುಗೆಯವರನ್ನ ನೋಡಿದೀನಿ. ನೀವು ಹಾಲ್‌ನಲ್ಲಿ ಆರಾಮಾಗಿ ಕೂತ್ಕೊಳ್ಳಿ," ಎಂದಳು.

ಹಾಲ್‌ನಲ್ಲಿ! ಬೀದಿಗೆ ಎದುರಾಗಿ! ಬಂದವರೆಲ್ಲ ನನ್ನನ್ನು ಮಾತಾಡಿಸಲಿ ಅಂತಲೇ! ನಿಮ್ಮಪ್ಪ ನಡುವೆ ಬಂದು, "ಬಿಸಿನೀರು ತಣ್ಣೀರು ಎರಡೂ ಬರೋ ಮಿಕ್ಸರ್ ನಲ್ಲಿ ಹಾಕಿಸೋಣ, ಬಿಸಿನೀರಿನ ಪೈಪು ಹೇಗೂ ಗೋಡೇಲಿ ಬಿಟ್ಟಿದೀವಿ. ಉದ್ದ ಹಿಡಿ ಇರುತ್ತೆ, ಬೆರಳಿಗೆ ಸುಲಭ. ಸಂಕ್ರಾಂತಿವರೆಗೆ ನೋಡೋಣ," ಎಂದ. ನಿಮ್ಮಮ್ಮ ಒಪ್ಪಿದಳು. ನಲ್ಲಿ ಸರಿಹೋದರೆ ಅಡುಗೆಮನೆ ನನ್ನದು, ಹೋಗದಿದ್ದರೆ ಹಬ್ಬ ಕಳೆದ ಮೇಲೆ ಅಡುಗೆಯವರು. ಇದು ಒಂದು ವಾರದ ಕೆಲಸವಲ್ಲವೇ? ಹೌದು, ಹಿನಕಲ್ ಅಜ್ಜಿಯ ಕಿವಿಗೆ ಬೀಳದಿದ್ದರೆ!

ಮಾರನೆಯ ದಿನವೇ ಬಂದಳು. "ನಲ್ಲಿ ವಿಷ್ಯ ಗಂಡಸ್ರಿಗೆ ಏನು ಗೊತ್ತು? ನಾನಿದೀನಿ ಬುಡಿ ಅತ್ಗೆ," ಎಂದು ಬಿಸಿಬೇಳೆ ಬಾತು ಮಾಡುವ ನಮ್ಮ ದೊಡ್ಡ ಪಾತ್ರೆಯನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು, ನನ್ನನ್ನೂ ಆಟೋಗೆ ಹತ್ತಿಸಿಕೊಂಡು ಅಂಗಡಿಗೆ ಹೊರಟಳು. ಅಂಗಡಿಯ ಗೋಡೆಯ ತುಂಬ ಫಳಫಳ ಹೊಳೆಯುವ ನಲ್ಲಿಗಳು. ಒಂದರಲ್ಲೂ ನೀರಿಲ್ಲ. ಆಕೆ ಒಂದೊಂದರ ಕೆಳಗೂ ಪಾತ್ರೆ ಹಿಡಿದು, ಬಾಯಲ್ಲಿ "ಸುರ್ರ್..." ಎಂದು ನೀರು ಬಿಟ್ಟು ನೋಡತೊಡಗಿದಳು!

"ಇದು ಪಾತ್ರೆ ಕಂಠಕ್ಕೆ ತಗಲುತ್ತೆ. ಇದು ಸಿಂಕಿನ ಅಂಚಿಗೆ ನೀರು ಬುಡುತ್ತೆ. ಇದರ ಮೂತಿ ತಿರುಗಲ್ಲ. ಅತ್ಗೆ, ಬನ್ನಿ ಇಲ್ಲಿ, ಮೊಣಕೈಲಿ ತಳ್ಳಿ ನೋಡಿ."

ನಾನು ಕಂಬದ ಮರೆಯಲ್ಲಿದ್ದೆ. ಎಳೆದುಕೊಂಡು ಬಂದಳು. ಅಷ್ಟು ಗಂಡಸರ ಎದುರಿಗೆ ನಾನು ನಲ್ಲಿಗಳನ್ನು ಮೊಣಕೈಯಲ್ಲಿ ತಿವಿಯುತ್ತ ಹೋದೆ ಮಕ್ಕಳೇ! ಅಂಗಡಿಯವರು ಕೇಳಿದರು, "ಕೈ ಇದ್ದೂ ಮೊಣಕೈ ಯಾಕಮ್ಮ?"

"ಅವರಿಗೆ ಬೆರಳು ಮಡಿಸೋಕಾಗಲ್ಲ ಕಣ್ರೀ, ಗಂಟು ನೋವು! ಈ ಚಳೀಲಂತೂ ಬಟಾಣಿ ಬಿಡಿಸೋಕೂ ಆಗಲ್ಲ!" ಎಂದು ಇಡೀ ಅಂಗಡಿಗೆ ಸಾರಿದಳು. ಪೈಪು ಕೊಳ್ಳಲು ಬಂದಿದ್ದವರೊಬ್ಬರು ಹತ್ತಿರ ಬಂದು ಯಾವ ಎಣ್ಣೆ ಹಚ್ಚಬೇಕೆಂದು ಹೇಳಿ ಹೋದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಕೊನೆಗೆ ಒಂದು ಒಪ್ಪಿಗೆಯಾಯಿತು. ಬಿಲ್ ಹಾಕುವ ಹೊತ್ತಿಗೆ ಆಕೆ, "ಇದರ ಹೊಟ್ಟೆ ಬಿಚ್ಚಿ ತೋರ್ಸಿ," ಎಂದಳು.

"ಅಮ್ಮಾ, ನಾವು ನಲ್ಲಿ ಮಾರೋರು, ಆಪರೇಷನ್ ಮಾಡೋರಲ್ಲ!"

"ಒಳಗಿರೋದು ಕೆಟ್ರೆ ಬೇರೆ ಸಿಗುತ್ತಾ? ಮೊದಲು ಅದನ್ನ ಕೈಗೆ ಕೊಡಿ. ಆಮೇಲೆ ನಲ್ಲಿ."

ಅವರು ಪಾಪ, ಒಳಗಿನ ಆ ಬಿಡಿಭಾಗವನ್ನು ಹುಡುಕಿ ತಂದರು. ಅದು ಸಿಕ್ಕಿತು ಅಂದುಕೊಳ್ಳುವಷ್ಟರಲ್ಲಿ ಆಕೆಗೆ ಇನ್ನೊಂದು ಅನುಮಾನ. ಗೋಡೆಯಲ್ಲಿ ಬಿಸಿನೀರಿನ ತೂತಿಗೂ ತಣ್ಣೀರಿನ ತೂತಿಗೂ ಎಷ್ಟು ಅಂತರವಿದೆಯೋ! ಅಳೆಯದೆ ಕೊಳ್ಳುವುದು ಹೇಗೆ? ಬರಿಗೈಯಲ್ಲಿ, ಅಂದರೆ ದೊಡ್ಡ ಪಾತ್ರೆಯೊಂದಿಗೆ, ಮನೆಗೆ ಬಂದೆವು.

ಅಳತೆಗೆ ಟೇಪು ನಂಬುವ ಹೆಂಗಸಲ್ಲ ಆಕೆ. ದಾರ ಹಿಡಿದು, ಎರಡು ತೂತುಗಳ ಹತ್ತಿರ ಎರಡು ಗಂಟು ಹಾಕಿ, ದಾರವನ್ನು ಅಡುಗೆಮನೆಯ ಗೂಡಿನಲ್ಲಿಟ್ಟು, "ನಾಳೆ ಬಂದು ತಗೊಂಡ್ ಹೋಗ್ತೀನಿ," ಎಂದು ಹೊರಟಳು. ಮಾರನೆಯ ಬೆಳಿಗ್ಗೆ ನಾನು ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಪೂಜೆಗೆ ಕಾಕಡ ಹೂವು ಕಟ್ಟಲು ಕುಳಿತೆ. ಬೆರಳು ನೋಯುತ್ತಿತ್ತು, ಯೋಚನೆ ಎಲ್ಲೋ ಇತ್ತು. ಕೈಗೆ ಯಾವುದೋ ದಾರ ಸಿಕ್ಕಿತು, ಕಟ್ಟಿದೆ. ದೇವರಿಗೆ ಮುಡಿಸಿಯೂ ಆಯಿತು.

ಆಕೆ ಬಂದು ಗೂಡು ತಡಕಿದಳು. ದೇವರ ಮನೆ ನೋಡಿದಳು. ನನ್ನನ್ನು ನೋಡಿದಳು.

"ಅತ್ಗೆ! ನಲ್ಲಿ ಅಳತೇನ ದೇವರ ಕೊರಳಿಗೆ ಹಾಕ್ಬುಟ್ರಾ!"

ಮಾರಿಗೆ ನಲವತ್ತು ಗಂಟು, ಅದರಲ್ಲಿ ಆಕೆಯ ಎರಡು ಗಂಟು ಯಾವುವು? ಕತ್ತರಿಸೋಣವೆಂದರೆ ದೇವರಿಗೆ ಏರಿಸಿದ ಹೂವು. ನಾನು ಅಳುವುದೊಂದು ಬಾಕಿ. ಮತ್ತೆ ಅಳೆಯಬಹುದಿತ್ತು ಅನ್ನುತ್ತೀರಾ? ನಮಗಿಬ್ಬರಿಗೂ ಆ ಗಾಬರಿಯಲ್ಲಿ ಅದು ಹೊಳೆಯಲೇ ಇಲ್ಲ! ಆಕೆ ಮಾಲೆಯನ್ನೇ ಬಾಳೆಲೆಯಲ್ಲಿ ಸುತ್ತಿಕೊಂಡು ಅಂಗಡಿಗೆ ಹೋದಳು. ಅಂಗಡಿಯವರು ಪ್ರಸಾದವೆಂದು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರಂತೆ. ವಿಷಯ ಗೊತ್ತಾದ ಮೇಲೆ ನಕ್ಕು, "ಅಮ್ಮಾ, ಎಲ್ಲಾ ಮನೇಲೂ ಹೆಚ್ಚುಕಮ್ಮಿ ಒಂದೇ ಅಂತರ ಇರುತ್ತೆ. ಒಂಚೂರು ಆಚೀಚೆ ಇದ್ರೂ ಈ ನಲ್ಲಿ ಕಾಲು ತಿರುಗಿಸಿ ಹೊಂದಿಸ್ಬೋದು," ಎಂದರಂತೆ. ಹೂವು ಅವರ ಗಲ್ಲಾದ ದೇವರ ಪಟಕ್ಕೆ ಹೋಯಿತು, ನಲ್ಲಿ ನಮ್ಮ ಮನೆಗೆ ಬಂತು. ಅಷ್ಟರಲ್ಲಿ ಸಂಕ್ರಾಂತಿಗೆ ಮೂರೇ ವಾರ.

ನಲ್ಲಿ ಕೂರಿಸಲು ಬಂದ ಪ್ಲಂಬರ್ ಪಾಡು ಹೇಳಲಾರೆ. "ಮೊದಲು ಪೈಪಿನ ಕಸ ಹೋಗೋವರೆಗೆ ನೀರು ಬುಡಪ್ಪ, ಮರಳು ಸಿಕ್ಕಿದ್ರೆ ಹೊಟ್ಟೆ ಕೆಡುತ್ತೆ," ಎಂದಳು. "ಇಕ್ಕಳದ ಗುರುತು ಬೀಳುತ್ತೆ, ಬಟ್ಟೆ ಸುತ್ತಿ ತಿರುಗ್ಸು," ಎಂದಳು. ಆತ ಕೊನೆಗೆ ಚೀಲ ಎತ್ತಿಕೊಂಡು, "ನೀವೇ ಈ ಕೆಲಸಕ್ಕೆ ಬಂದಿದ್ರೆ ನಾವೆಲ್ಲ ಊರು ಬುಡ್ಬೇಕಿತ್ತು ಕಣಮ್ಮ!" ಎಂದು ಹೋದ.

ಆದರೆ ಮಕ್ಕಳೇ, ಆ ನಲ್ಲಿ! ಉದ್ದನೆಯ ಹಿಡಿಯನ್ನು ಮಣಿಕಟ್ಟಿನಿಂದ ಮೇಲೆತ್ತಿದರೆ ನೀರು, ಎಡಕ್ಕೆ ಸರಿಸಿದರೆ ಬೆಚ್ಚಗೆ. ಮೊದಲ ದಿನ ನಾನು ತೊಳೆದ ಲೋಟಗಳನ್ನೇ ಮತ್ತೆ ತೊಳೆದೆ.

ನಲ್ಲಿ ಬಂದ ಮೇಲೆ ಅದರ ಆರೈಕೆ. ನಮ್ಮ ನೀರು ಗಡಸು, ಮೂತಿಯ ಜಾಲರಿಗೆ ಬಿಳಿ ಸುಣ್ಣ ಕಟ್ಟುತ್ತದೆ. ಅದಕ್ಕೆ ಅಮಾವಾಸ್ಯೆಗೊಮ್ಮೆ ನಿಂಬೆರಸ ತುಂಬಿದ ಪ್ಲಾಸ್ಟಿಕ್ ಕವರನ್ನು ನಲ್ಲಿಯ ಮೂತಿಗೆ ಕಟ್ಟಿ ಒಂದು ಗಂಟೆ ಬಿಡಬೇಕೆಂದು ಆಕೆಯ ಅಪ್ಪಣೆ. ಪಕ್ಕದ ಮನೆಯವರು ನೋಡಿ, "ನಲ್ಲಿಗೆ ಗ್ಲೂಕೋಸ್ ಹಾಕ್ಸಿದೀರಾ?" ಎಂದು ಕೇಳಿದರು. ಉಜ್ಜುವ ನಾರು ಮುಟ್ಟಿಸಬಾರದು, ಮೆತ್ತನೆಯ ಬಟ್ಟೆಯಲ್ಲಿ ಒರೆಸಬೇಕು, ಮುಚ್ಚುವಾಗ ಕುಕ್ಕಬಾರದು. ನಾನು ನಿಮ್ಮನ್ನೂ ಅಷ್ಟು ನಾಜೂಕಾಗಿ ಮೀಯಿಸಿರಲಿಲ್ಲ!

ಸಂಕ್ರಾಂತಿಗೆ ನಾಲ್ಕು ದಿನವಿರುವಾಗ ನೀವೆಲ್ಲ ಅಪ್ಪ ಅಮ್ಮನ ಜೊತೆ ನಂಜನಗೂಡಿಗೆ ನೆಂಟರ ಮನೆಗೆ ಹೋದಿರಿ. ಅಂದೇ ನಿಂಬೆಯ ದಿನ. ಆಕೆ ಬಂದು, ಕವರು ಕಟ್ಟಿ, ಬಿಚ್ಚಿ, ಒರೆಸಿ, ಹೋದಳು. ಆಕೆ ಹೋದ ಮೇಲೆ ಅಕ್ಕಿ ತೊಳೆಯಲು ಹಿಡಿ ಎತ್ತಿದೆ. ನೀರಿಲ್ಲ. ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ. ಒಂದು ಹನಿಯೂ ಇಲ್ಲ. ಬಚ್ಚಲಲ್ಲಿ ನೀರು ಬರುತ್ತಿದೆ, ಇಲ್ಲಿ ಮಾತ್ರ ಇಲ್ಲ. ಅಂದರೆ ಕೆಡಿಸಿದವಳು ನಾನೇ! ಇನ್ಯಾರು? ಅಷ್ಟು ಆರಿಸಿ ತಂದ ನಲ್ಲಿಯನ್ನು ಮೂರು ವಾರ ತುಂಬುವ ಮೊದಲೇ ಹಾಳು ಮಾಡಿದೆನಲ್ಲ! ಯಾರಿಗೆ ಹೇಳಲಿ? ಹೇಳಿದರೆ ಅಡುಗೆಯವರು ನಾಳೆಯೇ ಬರುವುದಿಲ್ಲವೇ? ಎರಡು ದಿನ ಯಾರಿಗೂ ಫೋನು ಮಾಡದೆ ಹಿತ್ತಲಿನ ನಲ್ಲಿಯಿಂದ ಬಕೆಟ್ಟಿನಲ್ಲಿ ನೀರು ಹೊತ್ತೆ. ಆಗಾಗ ಹೋಗಿ ಹಿಡಿಯನ್ನು ಮೆಲ್ಲಗೆ ಎತ್ತಿ ನೋಡುತ್ತಿದ್ದೆ, ಅದರ ಕೋಪ ಇಳಿದಿದೆಯೇನೋ ಎಂಬಂತೆ.

ನೀವು ವಾಪಸು ಬಂದಾಗ ನಾನು ಬಕೆಟ್ಟು ಹಿಡಿದು ಹಿತ್ತಲ ಬಾಗಿಲಲ್ಲೇ ಸಿಕ್ಕಿಬಿದ್ದೆ. ನಿಮ್ಮಮ್ಮ ನನ್ನ ಊದಿದ ಬೆರಳು ನೋಡಿದಳು. "ಅತ್ತೆ, ಇನ್ನು ಬೇಡ. ಸೋಮವಾರದಿಂದ ಅವರಿಗೆ ಬರೋಕೆ ಹೇಳ್ತೀನಿ," ಎಂದಳು. ಹೂಂ ಎಂದೆ. ನನಗೆ ಗೊತ್ತಿದ್ದದ್ದು ಹೂಂ ಒಂದೇ ತಾನೇ?

ಮಾರನೆಯ ಬೆಳಿಗ್ಗೆ ಹಿನಕಲ್‌ಗೆ ಫೋನು ಮಾಡಿದೆ. "ನಲ್ಲಿ ಕೆಡಿಸ್ಬುಟ್ಟೆ ಕಣೇ," ಅಂದೆ, ಅಷ್ಟೇ. ಹನ್ನೊಂದಕ್ಕೆಲ್ಲ ಆಕೆ ಬಾಗಿಲಲ್ಲಿ. ನೇರ ಹಿತ್ತಲಿಗೆ ಹೋಗಿ ಗೋಡೆಯಲ್ಲಿದ್ದ ಒಂದು ವಾಲ್ವ್ ತಿರುಗಿಸಿದಳು. ಒಳಗೆ ನಲ್ಲಿ ಕೆಮ್ಮಿ, ಉಗುಳಿ, ಭರ್ರೆಂದು ಸುರಿಯಿತು!

"ಮನೇಲಿ ಯಾರೂ ಇರಲ್ಲ ಅಂತ ಹೋಗುವಾಗ ಅಡುಗೆಮನೆ ಪೈಪು ಬಂದ್ ಮಾಡಿದ್ದೆ ಅತ್ಗೆ. ಒಡೆದು ಗಿಡೆದು ಹೋದ್ರೆ ಅಂತ."

"ನಾನಿದ್ನಲ್ಲೇ!"

"ನೀವಿದ್ರೂ ಸದ್ದು ಎಲ್ಲಿರುತ್ತೆ? ನಿಂಬೆಹಣ್ಣು ಹಿಂಡ್ತಾ ಹಿಂಡ್ತಾ ನೀವಿರೋದೇ ಮರ್ತುಬುಟ್ಟೆ!" ಎಂದವಳು ನಿಮ್ಮಮ್ಮನ ಕಡೆ ತಿರುಗಿ, "ತಪ್ಪು ನಂದಮ್ಮ. ನಿಮ್ಮತ್ತೇದಲ್ಲ," ಎಂದಳು.

ನಿಮ್ಮಮ್ಮ ಇಬ್ಬರನ್ನೂ ನೋಡುತ್ತ ನಿಂತಿದ್ದಳು. ಆಗ ಯಾರೋ ಮಾತಾಡಿದ ಹಾಗಾಯಿತು. ನೋಡಿದರೆ ನಾನೇ! "ಅಡುಗೆಯವರು ಬೇಡಮ್ಮ. ಕೈಲಾಗೋವರೆಗೂ ನಾನೇ ಮಾಡ್ತೀನಿ. ಆಗದ ದಿನ ನಾನೇ ಹೇಳ್ತೀನಿ."

"ಅಯ್ಯೋ ಅತ್ತೆ, ಇದನ್ನ ಅವತ್ತೇ ಹೇಳ್ಬಾರದಿತ್ತಾ? ನಿಮಗೆ ಕಷ್ಟ ಅಂತ ತಾನೇ ನಾನು..." ಎಂದು ನಿಮ್ಮಮ್ಮ ನಕ್ಕು, ಅಡುಗೆಯವರಿಗೆ ಬೇಡವೆನ್ನಲು ಫೋನು ಹಿಡಿದು ವರಾಂಡಕ್ಕೆ ಹೋದಳು.

ನಾನು ತಿರುಗಿದರೆ, ಹಿನಕಲ್ ಅಜ್ಜಿ ಅಡುಗೆಮನೆಯ ನೆಲದ ಮೇಲೆ ಗೋಡೆಗೆ ಒರಗಿ ಕುಳಿತಿದ್ದಳು. ಬಾಯಲ್ಲಿ ಮಾತಿಲ್ಲ. ಆಕೆಯ ಬಾಯಲ್ಲಿ ಮಾತಿಲ್ಲ! ನನಗೆ ಗಾಬರಿಯಾಯಿತು.

"ಯಾಕೆ ಕಣೇ, ತಲೆ ಸುತ್ತುತ್ತಾ? ನೀರು ಕೊಡ್ಲಾ?"

ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಅಡುಗೆಯವ್ರು ಬಂದ್ಬುಟ್ಟಿದ್ರೆ, ನಾನು ಬಂದಾಗ ಹಾಲ್‌ನಲ್ಲಿ ಕೂರ್ಸಿ, ತಟ್ಟೇಲಿ ಬಿಸ್ಕತ್ತು ಇಟ್ಟು, ಯಾವಾಗ ಬಂದ್ರಿ ಅಂತ ಕೇಳ್ತಿದ್ರು ಅತ್ಗೆ. ಅಣ್ಣನೂ ಇಲ್ಲ. ಇಲ್ಲಿ ನಿಮ್ಮ ಹತ್ರ ಕೂರೋದು ಬುಟ್ರೆ ನಂಗೆ ತವರು ಅಂತ ಇನ್ನೆಲ್ಲಿದೆ ಹೇಳಿ?"

ನಾನು ಆಕೆಯ ಪಕ್ಕದಲ್ಲೇ ಕುಳಿತು, ಸಾರಿಗೆ ತಂದಿದ್ದ ಅವರೆಕಾಯಿಯನ್ನು ನಮ್ಮಿಬ್ಬರ ನಡುವೆ ನೆಲಕ್ಕೆ ಸುರಿದೆ. ನನ್ನ ಕಡೆ ಬಿದ್ದ ಕಾಯಿಗಳನ್ನೆಲ್ಲ ಆಕೆ ತನ್ನ ಮಡಿಲಿಗೆ ಎಳೆದುಕೊಂಡಳು.