ಮಾರಾಯರ ಒಪ್ಪಿಗೆ

ಮಗುವಿಗೆ ಹೆಸರಿಡಲು ತೊಟ್ಟಿಲಿದ್ದರೆ ಸಾಕು, ಕಂಪನಿಗೆ ಹೆಸರಿಡಲು ಕಾಯಿದೆ ಬೇಕು. ಕೊಪ್ಪದಲ್ಲಿ ಲೆಕ್ಕಪತ್ರದ ಕಚೇರಿ ಇಟ್ಟುಕೊಂಡ ನನಗೆ ಈ ಕಾಯಿದೆಯಿಂದ ಮನರಂಜನೆಗೆ ಎಂದೂ ಕೊರತೆಯಾಗಿಲ್ಲ. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಶೃಂಗೇರಿ ಹತ್ತಿರದ ನೆಮ್ಮಾರಿನ ಗಂಡ-ಹೆಂಡತಿ ಮಾವಿನ ಮಿಡಿ ಉಪ್ಪಿನಕಾಯಿಯ ಕಂಪನಿ ಮಾಡಲು ಬಂದರು. ಕಂಪನಿಯ ಹೆಸರಿದ್ದರೆ ಮಾತ್ರ ಮಾಲು ಕೊಳ್ಳುತ್ತೇವೆ ಎಂದು ಬೆಂಗಳೂರಿನ ಅಂಗಡಿಯವರು ಹೇಳಿದ್ದರು. ಮರದಲ್ಲಿ ಮಿಡಿ ಆಗಲೇ ಬಂದಿತ್ತು. ಗೊರಟು ಬಲಿಯುವ ಮೊದಲು ಹೆಸರು ಬರಬೇಕು. ಬಲಿತರೆ ಆ ವರ್ಷದ ವ್ಯಾಪಾರ ಮುಗಿದಂತೆ.

೧. ಸರ್ಕಾರದ್ದಲ್ಲ

ಮೊದಲು ಕಳಿಸಿದ ಹೆಸರು ‘ರಾಷ್ಟ್ರೀಯ ಉಪ್ಪಿನಕಾಯಿ’. ಬೆಂಗಳೂರಿನ ಕಂಪನಿ ನೋಂದಣಿ ಕಚೇರಿಯಿಂದ ಉತ್ತರ ಬಂತು: ಸರ್ಕಾರದ್ದು ಎಂಬ ಭ್ರಮೆ ಹುಟ್ಟಿಸುವ ಹೆಸರು ಇಡುವಂತಿಲ್ಲ.

ಗಂಡನಿಗೆ ನೋವಾಯಿತು. “ನಮ್ಮದು ಎರಡು ವರ್ಷ ಕೆಡಲ್ಲ ಮಾರಾಯ್ರೆ. ಸರ್ಕಾರದ್ದು ಅಂತ ಯಾರು ನಂಬ್ತಾರೆ?”

೨. ಶ್ರೀ

‘ಶಾರದಾ’ ಎಂದು ಬರೆದೆವು. ಆ ಹೆಸರಿನ ಕಂಪನಿ ಆಗಲೇ ಇದೆ ಎಂದರು. ‘ಶ್ರೀ ಶಾರದಾ’ ಎಂದೆವು. ಮುಂದೆ ಶ್ರೀ ಸೇರಿಸಿದ ಮಾತ್ರಕ್ಕೆ ಹೆಸರು ಬೇರೆಯಾಗುವುದಿಲ್ಲ, ಶ್ರೀ ಲೆಕ್ಕಕ್ಕಿಲ್ಲ ಎಂದರು.

ಗಂಡ ಸುತ್ತ ನೋಡಿ ದನಿ ತಗ್ಗಿಸಿದರು. “ಕೊಪ್ಪದಲ್ಲಿ ಹೇಳಿದಿರಿ, ಸರಿ. ಶೃಂಗೇರಿಗೆ ಬಂದಾಗ ಈ ಮಾತು ಆಡ್ಬೇಡಿ.”

೩. ಸ್ಟಾಪು

ಹೆಸರು ಯಾವುದಾದರೂ ಕೊನೆಗೆ ‘ಪ್ರೈವೇಟ್ ಲಿಮಿಟೆಡ್’ ಇರಲೇಬೇಕು ಎಂದೆ. ಈ ಬಾರಿ ಹೆಂಡತಿ ಬಾಯಿಬಿಟ್ಟರು.

“ಪ್ರೈವೇಟ್ ಅಂತೀರಿ, ಲಿಮಿಟೆಡ್ ಅಂತೀರಿ. ನಾವು ಮಾಡೋದು ಉಪ್ಪಿನಕಾಯಿಯೋ, ಬಸ್ಸೋ?”

ಕಾಯಿದೆ ಇರುವುದೇ ಹಾಗೆ ಎಂದೆ.

“ಹಾಗಾದ್ರೆ ಹರಿಹರಪುರದಲ್ಲಿ ಸ್ಟಾಪ್ ಉಂಟೋ ಇಲ್ವೋ, ಅದನ್ನೂ ಬರೆಸಿ.”

೪. ಮಾರಾಯ

ಬೇರೆ ಹೆಸರು ಕೇಳಲು ನಮ್ಮ ಟೈಪಿಸ್ಟ್ ನೆಮ್ಮಾರಿಗೆ ಫೋನು ಮಾಡಿದಳು. ಗಂಡನ ಗಮನವೆಲ್ಲ ಮರದ ಮೇಲೆ. “ಮಿಡಿ ಮಾರಾಯ್ರೆ, ಮಿಡಿ!” ಎಂದು ಕೂಗಿದರು. ಹುಡುಗಿ ದಾವಣಗೆರೆಯಿಂದ ಹೊಸದಾಗಿ ಬಂದವಳು. ‘ಮಿಡಿ ಮಾರಾಯ ಉಪ್ಪಿನಕಾಯಿ ಪ್ರೈವೇಟ್ ಲಿಮಿಟೆಡ್’ ಎಂದು ಶ್ರದ್ಧೆಯಿಂದ ಟೈಪು ಮಾಡಿ ಕಳಿಸಿಬಿಟ್ಟಳು.

ಉತ್ತರ ಬಂತು: ಮಾರಾಯ ಎಂಬವರು ಯಾರು? ಅವರ ಹೆಸರು ಬಳಸಲು ಅವರ ಒಪ್ಪಿಗೆ ಪತ್ರ ಲಗತ್ತಿಸಿ.

“ಪತ್ರ ಕೊಡಬಹುದು,” ಎಂದರು ಗಂಡ. “ನಮ್ಮ ಕಡೆಯ ಮೂರು ತಾಲೂಕಿನವರೂ ಸಹಿ ಹಾಕ್ಬೇಕಾಗ್ತದೆ, ಅಷ್ಟೆ.”

ಗೊರಟು ಕಾಯುವುದಿಲ್ಲವಾದ್ದರಿಂದ ನಾನೇ ಬೆಂಗಳೂರಿಗೆ ಹೋದೆ. ಬಿಗುಮುಖದ ಅಧಿಕಾರಿ. ಮಾರಾಯ ಎಂದರೆ ಒಬ್ಬ ವ್ಯಕ್ತಿಯಲ್ಲ, ಎದುರಿಗೆ ನಿಂತವರೆಲ್ಲ ಮಾರಾಯರೇ ಎಂದು ವಿವರಿಸಿದೆ. ಮತ್ತೆ ವಿವರಿಸಿದೆ. ಇನ್ನೊಮ್ಮೆ ಶುರುಮಾಡುವಷ್ಟರಲ್ಲಿ ಅವರು ಪೆನ್ನು ಕುಕ್ಕಿದರು.

“ಎಂತ ಮಾರಾಯ್ರೆ ನಿಮ್ಮ ಕಾಟ! ನಾನು ನಿಮ್ಮ ಪಕ್ಕದ ಎನ್.ಆರ್.ಪುರದವ. ನನಗೆ ಗೊತ್ತುಂಟು. ಫೈಲಿಗೆ ಗೊತ್ತಾಗೋದು ಬೇಡ್ವಾ?”

ಸಹಿ ಬಿತ್ತು. ಕೂಡಲೇ ನೆಮ್ಮಾರಿಗೆ ಫೋನು ಮಾಡಿದೆ. “ಹೆಸರು ಸಿಕ್ಕಿತು. ಮಾರಾಯರೇ ಒಪ್ಪಿದರು.”

ಆ ಕಡೆ ಮಿಡಿಯೊಂದನ್ನು ಕಚ್ಚಿದ ಸದ್ದು. ಹಲ್ಲಿಗೆ ಗೊರಟು ಸಿಗಲಿಲ್ಲವೆಂದು ಕಾಣುತ್ತದೆ, ದನಿಯಲ್ಲಿ ಸಮಾಧಾನವಿತ್ತು.

“ಯಾವ ಮಾರಾಯ್ರು, ಮಾರಾಯ್ರೆ?”