ಎಣ್ಣೆ ಕುಡಿದ ಕಾಲಿಗೆ ಕೆಂಪು ದಾರ ಕಟ್ಟುವ ಬಗ್ಗೆ

ಅಡುಗೆಮನೆ ಹಾಗೂ ಹಿತ್ತಿಲು ನಿರ್ವಹಣಾ ಇಲಾಖೆ
ಸಂಖ್ಯೆ: ಅಹಿನಿ/ಎಣ್ಣೆ/೧ (ಒಲೆಯ ಮೇಲೆ ಹಾಲಿಟ್ಟು ಬರೆದದ್ದು)

ವಿಷಯ: ಮಗಳ ಮೋಟಾರ್‌ಸೈಕಲ್ಲಿನ ಮುಂದಿನ ಫೋರ್ಕಿನ ಎಣ್ಣೆಯನ್ನು ಮನೆಯಲ್ಲಿ ಪರೀಕ್ಷಿಸುವುದು, ಬದಲಿಸುವುದು ಹಾಗೂ ಅದರಿಂದ ಮನೆಯನ್ನು ಕಾಪಾಡುವುದು.

ಉಲ್ಲೇಖ: (ಅ) ಮಗಳ ಮೌಖಿಕ ದೂರು: "ಅಮ್ಮಾ, ಬ್ರೇಕ್ ಹಿಡಿದ್ರೆ ಗಾಡಿ ನೆಲಕ್ಕೆ ಮೂಗು ತಿಕ್ಕುತ್ತೆ."
(ಆ) ತಂದೆಯವರ ಭರವಸೆ: "ಮೆಕ್ಯಾನಿಕ್ ಯಾಕೆ, ನಾನಿಲ್ವೇನೇ?"
(ಇ) ಅದನ್ನು ಕೇಳಿ ಇಲಾಖೆಯು ಪಾತ್ರೆಗಳನ್ನು ಎಣಿಸಿಟ್ಟದ್ದು.

ಮಗಳು ನಾಳೆ ಮೊದಲ ಬಾರಿಗೆ ಆಸ್ಪತ್ರೆಯ ಬೆಳಗಿನ ಪಾಳಿಗೆ ಗಾಡಿಯಲ್ಲಿ ಹೋಗಬೇಕಿದ್ದು, ದಾರಿಯುದ್ದಕ್ಕೂ ಗುಂಡಿಗಳಿರುವುದು ಹಾಗೂ ಇಲಾಖೆಯ ಮುಖ್ಯಸ್ಥೆಗೆ (ತಾಯಿ) ಈಗಾಗಲೇ ಊಟ ರುಚಿಸದಿರುವುದು ಗಮನಕ್ಕೆ ಬಂದಿರುತ್ತದೆ. ನಿನ್ನೆ ಹಿತ್ತಿಲಲ್ಲಿ ಜರುಗಿದ್ದನ್ನು ಪರಿಗಣಿಸಿ, ಮನೆಯ ಸಮಸ್ತರಿಗೂ ಈ ಮೂಲಕ ಸೂಚಿಸಲಾಗಿದೆ:

೧. ಮುಂದಿನ ಚಕ್ರವನ್ನು ಎರಡೂ ಬದಿಯಿಂದ ಹಿಡಿದಿರುವ ಕೊಳವೆಗಳನ್ನು ಇನ್ನು 'ಕಾಲುಗಳು' ಎನ್ನತಕ್ಕದ್ದು. ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ಅದುಮಿದರೆ ಕಾಲುಗಳು ಮೆಲ್ಲಗೆ ತಗ್ಗಿ ಮೆಲ್ಲಗೆ ಏಳಬೇಕು. 'ಟಣ್' ಎಂದರೆ ಎಣ್ಣೆ ನೋಡತಕ್ಕದ್ದು. 'ಲಟಕ್' ಎಂದರೆ ಅದು ತಂದೆಯವರ ಸೊಂಟ. ಅದಕ್ಕೆ ಈ ಸುತ್ತೋಲೆ ಅನ್ವಯಿಸುವುದಿಲ್ಲ.

೨. ಹಳೆಯ ಎಣ್ಣೆ ಇಳಿಸಲು ಹಾಲಿನ ಪಾತ್ರೆ ಬಳಸತಕ್ಕದ್ದಲ್ಲ. "ತೊಳೆದಿಟ್ರೆ ಯಾರಿಗೆ ಗೊತ್ತಾಗುತ್ತೆ" ಎಂಬ ತಂದೆಯವರ ವಾದವನ್ನು ಬೆಕ್ಕು ಮೂಸಿ ನೋಡಿ ತಿರಸ್ಕರಿಸಿದೆ.

೩. ಕಾಲಿನ ಮುಚ್ಚಳದಡಿ ಸ್ಪ್ರಿಂಗು ಕೋಪ ಅದುಮಿಕೊಂಡು ಕುಳಿತಿರುತ್ತದೆ. ಬಿಚ್ಚುವಾಗ ಮೇಲೆ ಬಗ್ಗಿ ನೋಡತಕ್ಕದ್ದಲ್ಲ. ನಿನ್ನೆ ಹಾರಿದ ಮುಚ್ಚಳವು ಹಿಟ್ಟಿನ ಡಬ್ಬಿಯಲ್ಲಿ ಪತ್ತೆಯಾಗಿದೆ. ಡಬ್ಬಿಯನ್ನು ತೆರೆದಿಟ್ಟವರು ಯಾರೆಂಬ ತನಿಖೆಯನ್ನು ಇಲಾಖೆಯ ಹಿತದೃಷ್ಟಿಯಿಂದ ಕೈಬಿಡಲಾಗಿದೆ.

೪. ಎಣ್ಣೆಯ ಮಟ್ಟ ಅಳೆಯಲೆಂದು ತಂದೆಯವರು ಹೆಣಿಗೆಯ ಕಡ್ಡಿಯನ್ನು ಹೇಳದೆ ಕೇಳದೆ ಎಳೆದುಕೊಂಡದ್ದರಿಂದ, ಮಗಳಿಗೆಂದು ಹೆಣೆಯುತ್ತಿದ್ದ ಸ್ವೆಟರ್ ಒಂದೇ ತೋಳಿನದಾಗಿರುತ್ತದೆ. ಬಿಚ್ಚಿಹೋದ ಕೆಂಪು ಉಣ್ಣೆಯನ್ನು ಕಲಂ ೫ರ ಉದ್ದೇಶಕ್ಕೆ ವಶಪಡಿಸಿಕೊಳ್ಳಲಾಗಿದೆ.

೫. ಎರಡೂ ಕಾಲಿಗೆ ಸಮನಾಗಿ ಅಳೆದು ಹೊಯ್ಯತಕ್ಕದ್ದು. ನಿನ್ನೆ ತಂದೆಯವರು ಒಂದು ಕಾಲಿಗೆ ಹೊಯ್ದು, ಬೇಲಿಯಾಚೆಯ ನೆರೆಯವರೊಂದಿಗೆ ಲೋಕದ ಆಗುಹೋಗು ಚರ್ಚಿಸಿ ಬಂದು, ಅದೇ ಕಾಲಿಗೆ ಪುನಃ ಹೊಯ್ದು, "ಆಯ್ತು ನೋಡೇ" ಎಂದು ಘೋಷಿಸಿದರು. ಮುಖ್ಯಸ್ಥೆ ಕಡ್ಡಿ ಇಳಿಸಿ ನೋಡಲಾಗಿ, ಒಂದು ಕಾಲು ಕಂಠಪೂರ್ತಿ. ಇನ್ನೊಂದರ ಗಂಟಲು ಒಣ.

ಪೂರ್ವನಿದರ್ಶನ: ಅವಳಿ ಮಕ್ಕಳು ಎಳೆಗೂಸುಗಳಾಗಿದ್ದಾಗ ಸದರಿಯವರು ಮಗನಿಗೇ ಎರಡು ಸಲ ಬಾಟಲಿ ಹಾಲು ಕುಡಿಸಿ, ಹಸಿದು ಅಳುತ್ತಿದ್ದ ಮಗಳನ್ನು "ಇದಕ್ಕೆ ಹಠ ಜಾಸ್ತಿ" ಎಂದು ತೂಗುತ್ತಾ ನಿಂತಿದ್ದರು. ಅಂದಿನಿಂದ, ಕುಡಿದ ಮಗುವಿನ ಕೈಗೆ ಕೆಂಪು ದಾರ ಕಟ್ಟುವ ಪದ್ಧತಿ ಜಾರಿಗೆ ಬಂದು, ಮಕ್ಕಳು ಬಾಯಿಬಿಟ್ಟು ಕೇಳುವಂತಾದ ಮೇಲೆ ರದ್ದಾಗಿತ್ತು. ಗಾಡಿಗೆ ಬಾಯಿ ಇಲ್ಲದಿರುವುದರಿಂದ ಆ ಪದ್ಧತಿಯನ್ನು ಎಣ್ಣೆ ಕುಡಿದ ಕಾಲಿಗೆ ಪುನಃ ಜಾರಿಗೊಳಿಸಲಾಗಿದೆ.

೬. ತೆಗೆದ ಎಣ್ಣೆಯನ್ನು ಚರಂಡಿಗೆ ಸುರಿಯದೆ ಗ್ಯಾರೇಜಿನವರ ಡಬ್ಬಕ್ಕೆ ಒಪ್ಪಿಸತಕ್ಕದ್ದು. ಅವರು ನಕ್ಕರೆ ತಂದೆಯವರೂ ನಗತಕ್ಕದ್ದು.

೭. ಇಂದು ಮುಖ್ಯಸ್ಥೆಯ ಕೈಯಿಂದ ಎರಡೂ ಕಾಲಿಗೆ ಹೊಸದಾಗಿ ಹೊಯ್ಯಿಸಿ, ದಾರ ಕಟ್ಟಿ, ಚಕ್ರ ಬಿಗಿದು, ಹ್ಯಾಂಡಲ್ ಅದುಮಲಾಯಿತು. ಮೆಲ್ಲಗೆ ತಗ್ಗಿತು, ಮೆಲ್ಲಗೆ ಎದ್ದಿತು. ಸದ್ದಿಲ್ಲ. ಮತ್ತೊಮ್ಮೆ ಅದುಮಲಾಯಿತು. ಅಗತ್ಯವಿರಲಿಲ್ಲ. ದಾರಗಳನ್ನು ಬಿಚ್ಚತಕ್ಕದ್ದಲ್ಲ.

ಸಹಿ/-
(ಹಾಲು ಉಕ್ಕಿದ್ದರಿಂದ ಅಪೂರ್ಣ)
ಮುಖ್ಯಸ್ಥೆ

ಪ್ರತಿಗಳು:
ತಂದೆಯವರಿಗೆ: ಕೈ ತೊಳೆದು ಓದಲು.
ಮಗನಿಗೆ: ಅಂದು ಕುಡಿದ ಹೆಚ್ಚುವರಿ ಹಾಲಿನ ಋಣಕ್ಕೆ ತಂಗಿಯ ಗಾಡಿ ಒರೆಸಿಡಲು.
ಬೆಕ್ಕಿಗೆ: ಕಲಂ ೨ರ ಸೇವೆಯನ್ನು ಸ್ಮರಿಸಿ.
ಮಗಳಿಗೆ: ಸ್ವೆಟರಿನ ಎರಡನೇ ತೋಳನ್ನು ನಾಳೆ ಸಂಜೆ ಖುದ್ದಾಗಿ ಹಾಜರಾದವರಿಗೆ ಮಾತ್ರ ಕೊಡಲಾಗುವುದು. ಆದ್ದರಿಂದ ಹೋಗತಕ್ಕದ್ದು ಹಾಗೂ ಬರತಕ್ಕದ್ದು.